ಆಗಸ್ಟಿನಲ್ಲೇ ನಿಂತ ರಸ್ತೆ

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗಲೆಲ್ಲ
ಬುಡೇನ್ ಸಾಬರ ಡ್ರೈವಿಂಗ್ ಸ್ಕೂಲಿನ ಬೆಂಚಿನ ಮೇಲೆ ಕೂತು
ಆ ಗೋಡೆಯನ್ನೇ ನೋಡುತ್ತಿದ್ದೆ.
ಯಾವುದೋ ಟೈರು ಕಂಪನಿಯ ಕ್ಯಾಲೆಂಡರು,
ಒಂಬತ್ತು ವರ್ಷದ ಹಿಂದಿನದು,
ಆಗಸ್ಟಿನಲ್ಲೇ ನಿಂತುಬಿಟ್ಟಿದೆ:
ಒಂದು ಕಡೆ ಕಡಲು, ಒಂದು ಕಡೆ ಹಸಿರು,
ನಡುವೆ ಓವರ್‌ಲಾಕ್ ಮಾಡದ ಅಂಚಿನಂಥ ರಸ್ತೆ.
ಮೂಲೆಯಲ್ಲಿ ಇರುವೆಯಷ್ಟು ಅಕ್ಷರ: ಐರ್ಲೆಂಡ್.

"ಯಾಕೆ ಸಾಬರೇ, ಹಾಳೆ ತಿರುವಲಿಲ್ಲ?"
"ಸೆಪ್ಟೆಂಬರಿನಾಗೆ ಬರೇ ಟೈರೈತಿ, ಅಕ್ಕಾರ."

ಮೂವತ್ತು ವರ್ಷ ಹೊಲಿಗೆ ಮಷಿನ್ನು ತುಳಿದ ಕಾಲು ಇದು.
ತುಳಿದದ್ದನ್ನೆಲ್ಲ ಸಾಲಾಗಿಟ್ಟರೆ
ಎಲ್ಲಿಗೆ ಮುಟ್ಟುತ್ತಿದ್ದೆನೋ,
ಸ್ಟೂಲು ಮಾತ್ರ ಗೇಣೂ ಸರಿದಿರಲಿಲ್ಲ.
ಇಲ್ಲಿ, ಒಂದು ಸಲ ಮೆತ್ತಗೆ ಒತ್ತಿದ್ದಕ್ಕೆ
ಇಡೀ ಹಳೇಪೇಟೆ ಹಿಂದಕ್ಕೆ ಜಾರಿತು.
ಹೆದರಿ ಬ್ರೇಕು ಹಾಕಿದೆ.
ಸಾಬರ ಟೋಪಿ ಡ್ಯಾಶ್‌ಬೋರ್ಡಿಗೆ ಬಿತ್ತು.

ಮಂಗಳವಾರ ಲೈಸೆನ್ಸು ಬಂತು.
ಭಾನುವಾರ, ಮೈದುನನ ಹಳೇ ಮಾರುತಿ.
ಪಕ್ಕದಲ್ಲಿ ಮಂಡಕ್ಕಿ ಭಟ್ಟಿಯ ಕೊಟ್ರಬಸಮ್ಮ,
ಮಡಿಲಲ್ಲಿ ಮಂಡಕ್ಕಿ, ಹಣೆಯಲ್ಲಿ ಹೆಚ್ಚು ವಿಭೂತಿ.
"ಎಲ್ಲಿಗೆ?"
"ಒಂದು ಕಡೆ ನೀರಿರಬೇಕು."
"ಹಂಗಾರ ಸೂಳೆಕೆರೆ."

ಹದಡಿ ದಾಟಿದ್ದು ನೆನಪಿದೆ, ತ್ಯಾವಣಿಗೆ ನೆನಪಿಲ್ಲ.
ನಾಲೆ ಕಂಡಾಗ "ಇದೇನಾ?" ಅಂದಳು.
"ಇದು ಅಸ್ತರು, ಬಟ್ಟೆ ಮುಂದೈತಿ."
ಅರ್ಧ ರಸ್ತೆಗೆ ಭತ್ತ ಹರವಿ, ಸುತ್ತ ಕಲ್ಲಿಟ್ಟಿದ್ದರು.
ಕಾವಲಿಗೆ ಕೂತ ಹೆಂಗಸು ಕಾರು ನೋಡಲಿಲ್ಲ,
ನನ್ನ ಮುಖ ನೋಡಿದಳು.
ಎದ್ದು ಬಂದು ಎರಡು ಕಲ್ಲು ಸರಿಸಿದಳು.

ಆಮೇಲೆ ಎರಡು ಗುಡ್ಡದ ನಡುವೆ ಏರಿ,
ಏರಿಯ ಆಚೆ ಗಾಳಿ,
ಗಾಳಿಯ ಕೆಳಗೆ ಅಷ್ಟೂ ನೀರು.
ಕಲ್ಲಿಗೆ ಬಡಿದು, ಒಡೆದು, ಮತ್ತೆ ಕೂಡಿಕೊಂಡು
ತನ್ನನ್ನು ಕೆರೆ ಅಂತ ಯಾರೂ ಕರೆದೇ ಇಲ್ಲವೆಂಬ ಹಾಗೆ.
ಕೊಟ್ರಬಸಮ್ಮ ಬಹಳ ಹೊತ್ತು ಮಂಡಕ್ಕಿ ಮರೆತಳು.
ಆಮೇಲೆ ಅಂದಳು:
"ಆ ಕಡೆ ದಂಡಿ ಕಾಣ್ತೈತಲ್ಲೇ. ಕಡಲಿಗೆ ದಂಡಿ ಕಾಣಂಗಿಲ್ಲಂತ."
"ಅಲ್ಲೂ ಕಾಣ್ತಿತ್ತೋ ಏನೋ,
ಫೋಟೋದವರು ಅಲ್ಲಿಗೇ ಕತ್ತರಿ ಹಾಕ್ಯಾರ."

ಏರಿ ಇಳಿದು, ನೀರಿನ ಬದಿಯ ಮಣ್ಣು ದಾರಿ ಹಿಡಿದೆ.
ತಿರುವಿನಲ್ಲಿ ಕುರಿ.
ಇಂಜಿನ್ ಆಫ್ ಆಯಿತು. ನಾನು ಮಾಡಲಿಲ್ಲ, ಅದೇ ಆಯಿತು.
ಹೆಗಲ ಮೇಲೆ ಮರಿ ಹೊತ್ತ ಹುಡುಗ ಕಿಟಕಿಗೆ ಬಗ್ಗಿದ:
"ಹಾರ್ನ್ ಹೊಡೀಬ್ಯಾಡ್ರಿ, ಗಬ್ಬದ ಕುರಿ ಅದಾವು."
ಎರಡೂ ಬಾಗಿಲಿಗೆ ಉಣ್ಣೆ ಉಜ್ಜುತ್ತ ಹರಿದವು,
ಕಾರು ತುಸುವೇ ತೂಗಿತು, ದೋಣಿಯಂತೆ.
ಆಗ ಹೊಳೆಯಿತು:
ಕ್ಯಾಲೆಂಡರಿನ ಹಸಿರಿನಲ್ಲಿ ನಾನು ಕಲ್ಲೆಂದುಕೊಂಡಿದ್ದ
ಆ ಬಿಳಿ ಚುಕ್ಕೆಗಳೂ ಕುರಿಯೇ ಇರಬೇಕು.
ನಮ್ಮವು ಕರಿಯವು. ಅದೇ ಫೋಟೋದ ನೆಗೆಟಿವ್.

ಕೆರೆ ಪೂರ್ತಿ ಸುತ್ತಿ ಬರುವ ಆಸೆಯಿತ್ತು.
ದಾರಿ ಒಂದು ಮೆಕ್ಕೆಜೋಳದ ಹೊಲದೊಳಗೆ ಹೊಕ್ಕು ಮುಗಿಯಿತು.
ಒಂದು ಕಡೆ ಬೇಲಿ, ಒಂದು ಕಡೆ ನೀರು.
ರಿವರ್ಸ್ ನನಗೆ ಪೂರ್ತಿ ಬಂದಿರಲಿಲ್ಲ.
ಕೊಟ್ರಬಸಮ್ಮ ಇಳಿದು, ಸೀರೆ ಎತ್ತಿ ಸಿಕ್ಕಿಸಿ,
ಚಪ್ಪಾಳೆ ತಟ್ಟುತ್ತ ಹಿಂದೆ ಹಿಂದೆ ನಡೆದಳು:
"ಬಾ, ಬಾ, ಬಾ, ಎಡಕ್ಕೆ, ಅಯ್ಯೋ ನಿನ್ನ ಎಡಕ್ಕಲ್ಲ, ನನ್ನ ಎಡಕ್ಕೆ!"
ಮುಂದಿನ ಗಾಜಿನಲ್ಲಿ ಕೆರೆ
ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತ ಹೋಯಿತು.
ಅಷ್ಟು ಚೆನ್ನಾಗಿ ಬರುವಾಗ ಕಂಡಿರಲೇ ಇಲ್ಲ.

ಸೋಮವಾರ ಮತ್ತೆ ಗೇಟು ಬಿತ್ತು.
ಸಾಬರು ಚಹಾ ತರಿಸಿದರು. ಬಾಗಿಲಿನ ಗೀರಿನ ಬಗ್ಗೆ ಕೇಳಲಿಲ್ಲ.
ಕನ್ನಡಕ ಏರಿಸಿ ಗೋಡೆಯ ಹತ್ತಿರ ನಿಂತೆ.
ಆ ತುತ್ತತುದಿಯ ತಿರುವಿನಲ್ಲಿ, ಸಾಸಿವೆಯಷ್ಟು, ಕೆಂಪಗೆ
ಒಂದು ಕಾರು.
ಇಷ್ಟು ದಿನ ನೊಣದ ಗುರುತೆಂದು ಬಿಟ್ಟಿದ್ದೆ.
ಮುಂದೆ ಹೋಗುತ್ತಿದೆಯೋ
ಹಿಂದೆ ಹಿಂದೆ ಬರುತ್ತಿದೆಯೋ
ಬೆರಳಿಟ್ಟು ನೋಡಿದರೂ ಹೇಳಲಾಗುತ್ತಿಲ್ಲ.